ಗೋತ್ರ ಕೇಳಿದ ದಿನ

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ 1976ರಲ್ಲಿ ಹಿಂದೂ ವಿವಾಹ ಕಾಯ್ದೆಯಲ್ಲಿ ಅವಕಾಶ ಬಂತು. ಅರ್ಜಿ ಕೊಟ್ಟ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ಮನಸ್ಸು ಬದಲಾದೀತೆಂಬ ಆಸೆ ಕಾನೂನಿಗೂ ಇದೆ.

ನಾವು ಕಾದ ಆ ಆರು ತಿಂಗಳು ನನ್ನ ಮಗ ದಿನವೂ ದೇವರ ದೀಪ ಹಚ್ಚಿದ. ಆಗ ಅವನಿಗೆ ಒಂಬತ್ತು ವರ್ಷ. ಏನು ಬೇಡಿಕೊಳ್ಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಕೇಳುವ ಧೈರ್ಯವಿರಲಿಲ್ಲ.

ತೀರ್ಪು ಬಂದ ಸಂಜೆ ಅವನು ದೀಪ ಹಚ್ಚಲಿಲ್ಲ. ‘ದೇವರು ನನ್ನ ಮಾತು ಕೇಳಲ್ಲಮ್ಮ’ ಎಂದ. ‘ದೇವರು ಪರೀಕ್ಷೆ ಮಾಡ್ತಾನೆ ಕಂದಾ’ ಎಂದರು ನನ್ನ ಅಮ್ಮ. ಅವನು ಏನೂ ಹೇಳದೆ ಒಳಗೆ ಹೋದ.

ಮುಂದಿನ ವಾರ ಅವನ ಹುಟ್ಟುಹಬ್ಬ. ದೇವಸ್ಥಾನದಲ್ಲಿ ಅರ್ಚಕರು ವಾಡಿಕೆಯಂತೆ ಗೋತ್ರ, ನಕ್ಷತ್ರ, ಹೆಸರು ಕೇಳಿದರು. ನನ್ನ ನಾಲಿಗೆ ಏಳಲಿಲ್ಲ. ಮಗನೇ ಅಪ್ಪನ ಗೋತ್ರ ಹೇಳಿ, ತಪ್ಪು ಮಾಡಿದವನಂತೆ ನನ್ನ ಮುಖ ನೋಡಿದ.

ಆ ನೋಟ ನನ್ನನ್ನು ಚುಚ್ಚಿತು. ಅವನ ಅಪ್ಪನ ಬಗ್ಗೆ ನಾನೆಂದೂ ಕೆಟ್ಟದ್ದು ಆಡಿರಲಿಲ್ಲ, ನಿಜ. ಆದರೆ ಅವರ ಸುದ್ದಿಯನ್ನೇ ಎತ್ತಬಾರದೆಂದು ನನ್ನ ಮೌನವೇ ಅವನಿಗೆ ಕಲಿಸಿತ್ತು.

ಅಂದು ರಾತ್ರಿ ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನ ಕಥೆ ಹೇಳಿದೆ. ಗುರುಕುಲಕ್ಕೆ ಹೊರಟ ಹುಡುಗ ತಾಯಿಯನ್ನು ಗೋತ್ರ ಕೇಳುತ್ತಾನೆ. ಗೊತ್ತಿಲ್ಲ ಮಗು, ನಾನು ಜಬಾಲೆ, ನೀನು ಸತ್ಯಕಾಮ ಜಾಬಾಲನೆಂದೇ ಹೇಳು ಎನ್ನುತ್ತಾಳೆ. ಅವನು ಗೌತಮರ ಮುಂದೆ ಹಾಗೆಯೇ ಹೇಳುತ್ತಾನೆ. ಸತ್ಯ ಬಿಡದ ಆ ಹುಡುಗನನ್ನು ಗುರು ಶಿಷ್ಯನಾಗಿ ಸ್ವೀಕರಿಸುತ್ತಾರೆ.

‘ಅವಳಿಗೆ ನಾಚಿಕೆ ಆಗಲಿಲ್ವಾ?’ ಎಂದು ಕೇಳಿದ.

‘ಆಗಿರಬಹುದು. ಆದರೂ ಹೇಳಿದಳು’ ಎಂದೆ. ಆಮೇಲೆ ನನ್ನ ಸರದಿ. ‘ಅಪ್ಪ ಈ ಮನೆಗೆ ವಾಪಸು ಬರಲ್ಲ ಪುಟ್ಟಾ. ಅದು ನಾವು ದೊಡ್ಡವರು ಮಾಡಿದ ತೀರ್ಮಾನ. ನಿನ್ನ ಪ್ರಾರ್ಥನೆಯಲ್ಲಿ ಕೊರತೆ ಇರಲಿಲ್ಲ. ಅವರು ಯಾವತ್ತಿಗೂ ನಿನ್ನ ಅಪ್ಪನೇ. ಅವರ ಮಾತು ನನ್ನ ಹತ್ತಿರ ಆಡಬಹುದು.’

ತುಂಬ ಹೊತ್ತು ಅತ್ತ. ನಾನೂ ಅತ್ತೆ.

ಮರುದಿನ ದೀಪ ನಾನು ಹಚ್ಚಿದೆ. ಅವನನ್ನು ಕರೆಯಲಿಲ್ಲ. ನಾಲ್ಕನೆಯ ದಿನ ತಾನಾಗಿ ಬಂದು ಪಕ್ಕದಲ್ಲಿ ನಿಂತ. ಏನು ಕೇಳಿಕೊಂಡೆ ಎಂದೆ. ‘ಏನೂ ಇಲ್ಲ. ಸುಮ್ನೆ ನಿಂತಿದ್ದೆ’ ಎಂದ.

ಮಕ್ಕಳಿಗೆ ಶ್ಲೋಕ ಕಲಿಸುವುದು ಸುಲಭ, ಬೇಡಿದ್ದು ಸಿಗದಾಗ ಜೊತೆಗೆ ನಿಲ್ಲುವುದು ಕಷ್ಟ. ಈಗ ಅವನು ಕಾಲೇಜು ಹುಡುಗ. ರಜೆಯಲ್ಲಿ ಅಪ್ಪನ ಮನೆಗೆ ಹೋಗಿಬರುತ್ತಾನೆ, ಬಂದು ಅಲ್ಲಿನ ಸುದ್ದಿ ಹೇಳುತ್ತಾನೆ. ನಾನು ಕಿವಿಗೊಟ್ಟು ಕೇಳುತ್ತೇನೆ. ಅದೂ ಒಂದು ಪೂಜೆಯೇ ಅನಿಸುತ್ತದೆ.