ಕೆಲ್ಲಿ ತಿರುಗಿಸಿದ ವಿಮಾನ

ಟೆಕ್ಸಸ್‌ಗೆ ಬಂದ ಎರಡನೇ ವರ್ಷ, ಲ್ಯಾಬಿನ ಗೆಳೆಯನೊಬ್ಬನ ಹಳೇ ಕಾರಿನಲ್ಲಿ ಸ್ಯಾನ್ ಆಂಟೋನಿಯೊಗೆ ಹೋಗಿದ್ದೆ. ಅಲಾಮೊ ಕೋಟೆ ನೋಡಿ ವಾಪಸ್ ಬರುವಾಗ ಅವನು ಡ್ರೈವ್ ಮಾಡುತ್ತಲೇ ಈ ಊರಿನ ಸೇನಾ ನೆಲೆಗಳ ಹೆಸರು ಹೇಳುತ್ತಾ ಹೋದ. ಕೆಲ್ಲಿ, ಬ್ರೂಕ್ಸ್, ರಾಂಡಾಲ್ಫ್. ‘ಎಲ್ಲಾ ದೊಡ್ಡ ಜನರಲ್‌ಗಳಿರಬೇಕು’ ಅಂದೆ. ‘ಇರಬೇಕು’ ಅಂದ ಅವನೂ.

ಆ ರಾತ್ರಿ ಸುಮ್ಮನೆ ಹುಡುಕಿದೆ. ಮೂವರಲ್ಲಿ ಒಬ್ಬನೂ ಜನರಲ್ ಅಲ್ಲ, ಯುದ್ಧದಲ್ಲಿ ಸತ್ತವನೂ ಅಲ್ಲ. ಮೂವರೂ ವಿಮಾನ ಬಿದ್ದು ಸತ್ತವರು. ಬ್ರೂಕ್ಸ್ ಇದೇ ಊರಿನ ಹುಡುಗ, ಇನ್ನೂ ಕೆಡೆಟ್, 1917ರ ನವೆಂಬರ್ 13ರಂದು ತರಬೇತಿ ಹಾರಾಟದಲ್ಲಿ ತೀರಿಹೋದ. ಕ್ಯಾಪ್ಟನ್ ರಾಂಡಾಲ್ಫ್ ಸತ್ತದ್ದು 1928ರ ಫೆಬ್ರವರಿಯಲ್ಲಿ, ಟೆಕ್ಸಸ್‌ನದೇ ಗೋರ್ಮನ್ ಎಂಬಲ್ಲಿ. ಆಗ ಸ್ಯಾನ್ ಆಂಟೋನಿಯೊ ಬಳಿ ಹೊಸ ವಾಯುನೆಲೆಯೊಂದು ಬರುವುದಿತ್ತು, ಅದಕ್ಕೊಂದು ಹೆಸರು ಆರಿಸಲು ಸಮಿತಿ ಮಾಡಿದ್ದರು. ರಾಂಡಾಲ್ಫ್ ಆ ಸಮಿತಿಯ ಸದಸ್ಯ. ಉಳಿದವರು ಅವನ ಹೆಸರನ್ನೇ ಆರಿಸಿದರು. ಇದನ್ನು ಓದಿ ಒಬ್ಬನೇ ಕೂತು ನಕ್ಕೆ. ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ನನ್ನ ಪಿಎಚ್‌ಡಿ ವಿಷಯ ಲೋಹದ ದಣಿವು. ಒಂದು ಸರಳನ್ನು ಲಕ್ಷಾಂತರ ಸಲ ಎಳೆದು ಬಿಟ್ಟು ಮಾಡಿದರೆ ಬಿರುಕು ಎಲ್ಲಿ ಶುರುವಾಗುತ್ತದೆ, ಎಷ್ಟು ಬೇಗ ಬೆಳೆಯುತ್ತದೆ ಎಂದು ನೋಡುವುದು. ಹಾಗಾಗಿ ಹಳೇ ಅಪಘಾತಗಳ ಬಗ್ಗೆ ಓದುವುದು ಕೆಲಸವನ್ನು ತಪ್ಪಿಸಿಕೊಳ್ಳುವ ಗೌರವಸ್ಥ ದಾರಿ ಅಂದುಕೊಂಡಿದ್ದೆ. ಕೆಲ್ಲಿಯ ಕಥೆಗೆ ಬರುವವರೆಗೂ.

ಕೆಲ್ಲಿಗಿಂತ ಮುಂಚೆ ಫುಲಾಯ್. ಲೆಫ್ಟಿನೆಂಟ್ ಬೆಂಜಮಿನ್ ಫುಲಾಯ್‌ನನ್ನು ಸೇನೆಯ ಒಂದೇ ಒಂದು ವಿಮಾನದ ಜೊತೆ ಈ ಊರಿನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ಗೆ ಕಳಿಸಿದರು. ಹಾರಲು ನೀನೇ ಕಲಿತುಕೋ ಎಂಬುದು ಆದೇಶದ ಸಾರಾಂಶ. ಅವನು ಅದುವರೆಗೆ ಒಬ್ಬನೇ ಹಾರಿದವನೇ ಅಲ್ಲ. 1910ರ ಮಾರ್ಚ್ 2ರಂದು ಒಂಟಿಯಾಗಿ ಮೇಲೇರಿದ, ಒಂಟಿಯಾಗಿ ಇಳಿದ, ಅದೇ ದಿನ ಒಂಟಿಯಾಗಿ ಬಿದ್ದ. ಬದುಕಿಕೊಂಡ. ಅನುಮಾನ ಬಂದಾಗಲೆಲ್ಲ ರೈಟ್ ಸಹೋದರರಿಗೆ ಕಾಗದ ಬರೆಯುತ್ತಿದ್ದ, ಅವರು ಅಂಚೆಯಲ್ಲಿ ಉತ್ತರಿಸುತ್ತಿದ್ದರು. (ನನ್ನ ಗೈಡ್ ಮತ್ತು ನನ್ನ ಸಂಬಂಧವೂ ಹೆಚ್ಚು ಕಡಿಮೆ ಇಂಥದೇ.) ವಿಮಾನದ ಖರ್ಚಿಗೆಂದು ಸರ್ಕಾರ ಕೊಟ್ಟದ್ದು 150 ಡಾಲರ್, ಮೇಲಿನದು ಅವನ ಸಂಬಳದಿಂದ. ಸೀಟಿನಿಂದ ಎಸೆಯಲ್ಪಡುವ ಭಯಕ್ಕೆ ಕುದುರೆ ಜೀನು ಹೊಲಿಯುವವರಿಂದ ಚರ್ಮದ ಪಟ್ಟಿಯೊಂದನ್ನು ಮಾಡಿಸಿ ಸೊಂಟಕ್ಕೆ ಬಿಗಿದುಕೊಂಡ. ಬಿಗಿಯುವುದು, ಕಟ್ಟುವುದು, ಹೊಲಿಯುವುದು, ಮತ್ತೆ ಹಾರುವುದು. ಆ ವರ್ಷಗಳ ವಿಮಾನಗಳ ಆಯಸ್ಸು ರಿಪೇರಿಯಲ್ಲೇ ಕಳೆಯುತ್ತಿತ್ತು.

1911ರಲ್ಲಿ ಮೆಕ್ಸಿಕೊದಲ್ಲಿ ಕ್ರಾಂತಿ ನಡೆಯುತ್ತಿತ್ತು. ಗಡಿಗೆ ಹತ್ತಿರ ಇರಲಿ ಎಂದು ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಮೈದಾನದಲ್ಲಿ ಸಾವಿರಾರು ಸೈನಿಕರನ್ನು ತಂದು ಡೇರೆ ಹಾಕಿಸಿದ್ದರು. ಕರ್ಟಿಸ್ ಕಂಪನಿಯ ಹೊಸ ವಿಮಾನವೂ ಬಂತು, ಅದನ್ನು ಹಾರಿಸಲು ಕಲಿತ ಮೂವರು ಲೆಫ್ಟಿನೆಂಟ್‌ಗಳೂ ಬಂದರು. ಅವರಲ್ಲೊಬ್ಬ ಜಾರ್ಜ್ ಕೆಲ್ಲಿ, ಲಂಡನ್‌ನಲ್ಲಿ ಹುಟ್ಟಿದವನು. ಮೇ 10ರ ಬೆಳಿಗ್ಗೆ ಸ್ವಲ್ಪ ಹೊತ್ತು ಹಾರಿ ಇಳಿಯಲು ಬಂದ. ವಿಮಾನ ನೆಲಕ್ಕೆ ಬಡಿದು ಮತ್ತೆ ಮೇಲಕ್ಕೆ ಚಿಮ್ಮಿತು. ಎದುರಿಗೆ 11ನೇ ಇನ್‌ಫೆಂಟ್ರಿಯ ಡೇರೆಗಳು. ವಿಮಾನ ಪಕ್ಕಕ್ಕೆ ತಿರುಗಿತು, ಕೆಳಗೆ ಬಿತ್ತು. ಅಮೆರಿಕದ ಸೇನಾ ವಿಮಾನ ನಡೆಸುತ್ತಾ ಸತ್ತ ಮೊದಲ ಪೈಲಟ್ ಅವನು. ಡೇರೆಯಲ್ಲಿದ್ದವರ ಜೀವ ಉಳಿಸಲು ಬೇಕೆಂದೇ ತಿರುಗಿಸಿದ ಎಂಬುದು ಎಲ್ಲ ಕಡೆ ಸಿಗುವ ಮಾತು.

ಅಷ್ಟೇ ಸಿಗುವುದಿಲ್ಲ. ಅದೇ ವಿಮಾನ ಕೆಲವೇ ದಿನ ಮುಂಚೆ ಲೆಫ್ಟಿನೆಂಟ್ ಪಾಲ್ ಬೆಕ್ ಹಾರಿಸುವಾಗ ಬಿದ್ದು, ರಿಪೇರಿಯಾಗಿ ಬಂದಿತ್ತು. ರಿಪೇರಿ ಸರಿಯಾಗಿ ಆಗಿರಲಿಲ್ಲ ಎಂಬುದು ಫುಲಾಯ್‌ನ ನಂಬಿಕೆ. ಅವನಿಗೂ ಬೆಕ್‌ಗೂ ಆಗಿಬರುತ್ತಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಲಿದ್ದ ಜನರಲ್ ಆ ಮೈದಾನದಲ್ಲಿ ಹಾರಾಟವನ್ನೇ ನಿಲ್ಲಿಸಿಬಿಟ್ಟ. ಪೈಲಟ್‌ಗಳು ಗಂಟುಮೂಟೆ ಕಟ್ಟಿಕೊಂಡು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ಗೆ ಹೋದರು. 1917ರಲ್ಲಿ ಊರಿನ ಇನ್ನೊಂದು ದಿಕ್ಕಿನಲ್ಲಿ ಹೊಸ ಮೈದಾನ ಎದ್ದಾಗ ಅದಕ್ಕೆ ಕೆಲ್ಲಿಯ ಹೆಸರಿಟ್ಟರು. ರಿಪೇರಿಯ ಮಾತು ಬೋರ್ಡಿನ ಮೇಲೆ ಬರೆಯುವಂಥದ್ದಲ್ಲವಲ್ಲ.

ಇಲ್ಲಿಯವರೆಗೆ ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ನನ್ನಣ್ಣ ಸತ್ತಾಗ ನನಗೆ ಹದಿನೇಳು. ತಿಪಟೂರಿನಿಂದ ಹೊನ್ನವಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ಸಂಜೆ, ಬೈಕು ಹೊಲದ ಬೇಲಿಗೆ ನುಗ್ಗಿತ್ತು. ಯಾವುದೋ ಹುಡುಗ ಅಡ್ಡ ಓಡಿಬಂದ, ಅವನನ್ನು ತಪ್ಪಿಸಲು ಹೋಗಿ ಹೀಗಾಯಿತು ಎಂದು ಎಳನೀರು ಮಾರುವವರೊಬ್ಬರು ಹೇಳಿದರು. ಆ ಹುಡುಗ ಯಾರೆಂದು ಗೊತ್ತಾಗಲೇ ಇಲ್ಲ. ಅಮ್ಮನಿಗೆ ಗೊತ್ತಾಗುವುದೂ ಬೇಕಿರಲಿಲ್ಲ. ‘ಎಲ್ಲೋ ಒಂದು ಮಗು ನನ್ನ ಮಗನ ಆಯಸ್ಸು ಇಟ್ಕೊಂಡು ಬೆಳೀತಾ ಇದೆ’ ಅನ್ನುತ್ತಾಳೆ, ಈಗಲೂ. ತಿಥಿಯ ದಿನ ಬಂದವರಿಗೆಲ್ಲ ಹೇಳುತ್ತಾಳೆ.

ಆ ಸಂಜೆಗೆ ಒಂಬತ್ತು ದಿನ ಮುಂಚೆ ಅದೇ ಬೈಕನ್ನು ನಾನು ಗೆಳೆಯನ ಅಕ್ಕನ ಮದುವೆಗೆ ತಗೊಂಡು ಹೋಗಿದ್ದೆ. ಕಲ್ವರ್ಟಿನ ಕಲ್ಲಿಗೆ ಗುದ್ದಿದ್ದೆ. ಮುಂದಿನ ಫೋರ್ಕು ಬಾಗಿತು. ರಸ್ತೆ ಬದಿಯ ಗ್ಯಾರೇಜಿನಲ್ಲಿ ಮುನ್ನೂರು ರೂಪಾಯಿಗೆ ಅದನ್ನು ಬಗ್ಗಿಸಿ ನೆಟ್ಟಗೆ ಮಾಡಿಸಿದೆ. ‘ಬದಲಾಯಿಸಿದ್ರೆ ಒಳ್ಳೇದು’ ಅಂದಿದ್ದ ಮೆಕ್ಯಾನಿಕ್. ದುಡ್ಡಿರಲಿಲ್ಲ. ಮನೆಯಲ್ಲಿ ಹೇಳಲಿಲ್ಲ. ಅಣ್ಣನಿಗೆ ಹೇಳಿದೆನೋ ಇಲ್ಲವೋ ಎಂಬುದೇ ನೆನಪಾಗುವುದಿಲ್ಲ, ಅಥವಾ ನೆನಪು ಮಾಡಿಕೊಳ್ಳಲು ನಾನು ಬಿಡುತ್ತಿಲ್ಲ. ಬಾಗಿಸಿ ನೆಟ್ಟಗೆ ಮಾಡಿದ ಉಕ್ಕಿನೊಳಗೆ ಏನಾಗಿರುತ್ತದೆ ಎಂದು ಇವತ್ತು ಸೂಕ್ಷ್ಮದರ್ಶಕದ ಚಿತ್ರ ತೋರಿಸಿ ಅರ್ಧ ಗಂಟೆ ಪಾಠ ಮಾಡಬಲ್ಲೆ. ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ಸಂದರ್ಶನದಲ್ಲಿ ಕೇಳಿದ್ದರು. ಉದ್ಯೋಗಾವಕಾಶ ಚೆನ್ನಾಗಿದೆ ಅಂದಿದ್ದೆ.

ಹುಡುಗ ಅಡ್ಡ ಬಂದದ್ದೂ ನಿಜ, ಫೋರ್ಕು ತಡೆಯದೆ ಹೋದದ್ದೂ ನಿಜ ಇರಬಹುದು. ಕೆಲ್ಲಿಯದೂ ಹಾಗೇ. ಆದರೆ ಎರಡರಲ್ಲಿ ಒಂದನ್ನು ಮಾತ್ರ ಜನ ಮತ್ತೆ ಮತ್ತೆ ಹೇಳುತ್ತಾರೆ.

ಸೇನೆ ಯಾವತ್ತೂ ಕಾರಣ ಹುಡುಕಲಿಲ್ಲ ಎನ್ನುವುದು ತಪ್ಪಾಗುತ್ತದೆ. ರೈಟ್ ಸಿ ಮಾದರಿಯ ವಿಮಾನಗಳು ಒಂದರ ಹಿಂದೊಂದು ಬೀಳತೊಡಗಿದಾಗ ಆರ್ವಿಲ್ ರೈಟ್ ಅದು ನಡೆಸುವವರ ತಪ್ಪು ಅಂದ. ಆದರೂ 1914ರಲ್ಲಿ ಸ್ಯಾನ್ ಡಿಯೆಗೊದಲ್ಲಿ ಕೂತ ಮಂಡಳಿ, ಎಂಜಿನ್ ಹಿಂದೆ, ಮನುಷ್ಯ ಮುಂದೆ ಇರುವ ವಿಮಾನಗಳನ್ನೇ ಬೇಡವೆಂದಿತು. ಬಿದ್ದಾಗ ಎಂಜಿನ್ ಬಂದು ಪೈಲಟ್‌ನ ಮೇಲೇ ಕೂರುತ್ತಿತ್ತು. ಆ ಮಂಡಳಿಯವರಿಂದ ಎಷ್ಟು ಜನ ಬದುಕಿಕೊಂಡರೋ, ಆ ಬದುಕಿಕೊಂಡವರಿಗೂ ಅದು ಗೊತ್ತಿರಲಾರದು.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ನನ್ನ ರೂಮು ನ್ಯೂ ತಿಪ್ಪಸಂದ್ರದಲ್ಲಿತ್ತು. ನಾಲ್ಕು ವರ್ಷ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಿಗೆ ಬೈದಿದ್ದೇನೆ. ಯಾರೋ ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರರಿರಬೇಕು ಅಂದುಕೊಂಡಿದ್ದೆ. ಗ್ರೂಪ್ ಕ್ಯಾಪ್ಟನ್ ದಾಸ್ ಎಚ್‌ಎಎಲ್‌ನ ಪರೀಕ್ಷಾ ಪೈಲಟ್, 1970ರ ಜನವರಿ 10ರಂದು ಅಲ್ಲೇ ಮಾರುತ್ ವಿಮಾನದ ಪರೀಕ್ಷಾ ಹಾರಾಟದಲ್ಲಿ ಸತ್ತರು ಎಂದು ತಿಳಿದದ್ದು ಟೆಕ್ಸಸ್‌ನಲ್ಲಿ ಕೂತು, ಕೆಲ್ಲಿಯ ಬೆನ್ನು ಹತ್ತಿ.

ಹೋದ ಮೇ ತಿಂಗಳಲ್ಲಿ ಮತ್ತೆ ಸ್ಯಾನ್ ಆಂಟೋನಿಯೊಗೆ ಹೋದೆ, ಈ ಸಲ ಒಬ್ಬನೇ, ಬಸ್ಸಿನಲ್ಲಿ. ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಈಗಲೂ ಸೇನೆಯದೇ, ನನ್ನಂಥ ವಿದೇಶಿ ವಿದ್ಯಾರ್ಥಿ ಸುಮ್ಮನೆ ಒಳಗೆ ನಡೆದು ಹೋಗುವಂತಿಲ್ಲ. ಗೇಟಿನಾಚೆಯ ರಸ್ತೆ ಬದಿ ಮರದಡಿ ನಿಂತಿದ್ದೆ. ಬಿಸಿಲು ತಿಪಟೂರಿನದೇ ಬಿಸಿಲು. ಬೇಲಿಯ ಆಚೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಬರುತ್ತಿತ್ತು.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ರಾತ್ರಿ ಹತ್ತೂವರೆ. ಅಣ್ಣನ ಬೈಕಿನ ಫೋರ್ಕು ಬಾಗಿತ್ತು, ಮದುವೆಗೆ ಹೋದಾಗ ನಾನೇ ಗುದ್ದಿದ್ದೆ, ಅಂದೆ. ಲೈನ್ ಕಟ್ಟಾಯಿತೇನೋ ಅನ್ನುವಷ್ಟು ಹೊತ್ತು ಅಪ್ಪ ಮಾತಾಡಲಿಲ್ಲ.

‘ಗೊತ್ತು. ಗ್ಯಾರೇಜಿನವನು ಆವತ್ತೇ ಬಂದು ಹೇಳಿದ್ದ’ ಅಂದರು. ಆಮೇಲೆ ದನಿ ತಗ್ಗಿಸಿ, ‘ಅಮ್ಮ ಇಲ್ಲೇ ಮಲಗಿದಾಳೆ’ ಅಂದರು.