ಬೆಳಕನ್ನು ನೆನಪಿಡುವ ವಸ್ತು

ಕಲಾ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಅರೆವಾಹಕಗಳ ವಿಷಯವನ್ನೆತ್ತಿಕೊಂಡುದನ್ನು ಕಂಡು ವಿಜ್ಞಾನದ ಮಿತ್ರರು ನಗಬಹುದು. ನಗಲಿ. ಈ ವಿಷಯ ನನಗೆ ಹತ್ತಿಕೊಂಡುದು ಮಣೂಕದ ರಾಶಿಯ ಮುಂದೆ.

ತಿಕೋಟಾ, ಬಬಲೇಶ್ವರದ ಕಡೆಯವರಿಗೆ ಮಣೂಕದ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ದ್ರಾಕ್ಷಿಯ ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡುಗಳಲ್ಲಿ ಬಲೆಯ ಮೇಲೆ ಹರಡಿ, ಸುಮಾರು ಎರಡು ವಾರ ಒಣಗಿಸುತ್ತಾರೆ. ಅನಂತರ ಹೆಂಗಸರು ಸಾಲಾಗಿ ಕುಳಿತು ಹಸಿರು, ಹಳದಿ, ಕಪ್ಪು ಎಂದು ಬೇರ್ಪಡಿಸುತ್ತಾರೆ. ನಮ್ಮ ಅವ್ವ ಹದಿನೈದು ವರುಷಗಳಿಂದ ಆ ಸಾಲಿನಲ್ಲಿ ಕುಳಿತವಳು. ಅಕ್ಷರ ಬಾರದ ಆಕೆಯ ಬೆರಳುಗಳೇ ನನ್ನ ಪುಸ್ತಕಕ್ಕೂ ಪರೀಕ್ಷೆಯ ಶುಲ್ಕಕ್ಕೂ ಹಣ ಕೂಡಿಸಿದವು.

ಒಂದು ರಜೆಯಲ್ಲಿ ನಾನೂ ಆ ಸಾಲಿನಲ್ಲಿ ಕುಳಿತೆ. ಅವ್ವ ಮೂರು ಬುಟ್ಟಿ ತುಂಬುವಷ್ಟರಲ್ಲಿ ನನ್ನದು ಅರ್ಧವೂ ತುಂಬಲಿಲ್ಲ, ತುಂಬಿದಷ್ಟರಲ್ಲಿಯೂ ತಪ್ಪು.

"ನಿನಗ ಹೆಂಗ ಗೊತ್ತಾಗ್ತೈತಿ ಅವ್ವ?" ಎಂದೆ.

"ನೋಡಿ ನೋಡಿ ಗೊತ್ತಾಗ್ತೈತಿ ಯವ್ವಾ. ಮೊದಲ ನನಗೂ ಮರೀತಿತ್ತು. ಈಗ ಕಣ್ಣ ನೋಡೂದಕ್ಕೂ ಕೈ ಹೋಗೂದಕ್ಕೂ ನಡುವ ಏನೂ ಇಲ್ಲ."

ಈ 'ನಡುವೆ' ಇರುವುದನ್ನೇ ವಿಜ್ಞಾನಿಗಳು ನೂರಾರು ವರುಷಗಳಿಂದ ಹುಡುಕುತ್ತಿದ್ದಾರೆಂಬುದು ನನಗೆ ಆಮೇಲೆ ತಿಳಿಯಿತು. ಒಂದು ನರಕೋಶ ಮತ್ತೊಂದಕ್ಕೆ ಸಂಕೇತವನ್ನು ದಾಟಿಸುವ ಸಂಧಿಗೆ ಷೆರಿಂಗ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ 1897ರಲ್ಲಿ 'ಸಿನಾಪ್ಸ್' ಎಂಬ ಹೆಸರನ್ನು ಬಳಕೆಗೆ ತಂದನು. ಹೊಲದ ಕಾಲುದಾರಿಯಂತೆ, ಮೇಲಿಂದ ಮೇಲೆ ಸಂಕೇತ ಹಾಯ್ದ ಸಂಧಿ ಬಲಗೊಳ್ಳುತ್ತದೆ, ಹಾಯದುದು ಸೊರಗುತ್ತದೆ. ಕಲಿಕೆಗೂ ಮರೆವಿಗೂ ಇದೇ ಮೂಲ. ಇಂಥ ಸಂಧಿಗಳಿಂದ ಹೆಣೆದ ಸುಮಾರು 8,600 ಕೋಟಿ ನರಕೋಶಗಳ ಮಿದುಳು ಬೇಡುವುದು ಸುಮಾರು 20 ವ್ಯಾಟ್ ಶಕ್ತಿಯನ್ನು ಮಾತ್ರ. ಗಣಕಯಂತ್ರದಲ್ಲಾದರೋ ನೋಡುವ ಕ್ಯಾಮೆರಾ ಒಂದು ಕಡೆ, ನೆನಪಿನ ಉಗ್ರಾಣ ಒಂದು ಕಡೆ, ಲೆಕ್ಕ ಮಾಡುವ ಭಾಗ ಇನ್ನೊಂದು ಕಡೆ. ಅತ್ತಿಂದಿತ್ತ ಮಾಹಿತಿ ಹೊರುವುದರಲ್ಲಿಯೇ ಬಹಳಷ್ಟು ವಿದ್ಯುತ್ತು ತೀರಿಹೋಗುತ್ತದೆ.

ಈ ಮೂರನ್ನೂ ಒಂದೆಡೆ ಕೂಡಿಸುವ ಪ್ರಯತ್ನ ನಮ್ಮ ನಾಡಿನಲ್ಲಿಯೇ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬಿವಾಸ್ ಸಾಹಾ ಅವರೂ ಸಂಗಡಿಗರೂ ಸ್ಕ್ಯಾಂಡಿಯಂ ನೈಟ್ರೈಡ್ ಎಂಬ ಅರೆವಾಹಕದಿಂದ ಬೆಳಕಿನಿಂದ ನಡೆಯುವ ಕೃತಕ ಸಿನಾಪ್ಸನ್ನು ರೂಪಿಸಿದರು. ಆ ಸುದ್ದಿ 2023ರಲ್ಲಿ ಹೊರಬಂದಿತು. ಬೆಳಕು ಬಿದ್ದೊಡನೆ ಈ ವಸ್ತುವಿನಲ್ಲಿ ವಿದ್ಯುತ್ತು ಹರಿಯುವ ಪ್ರಮಾಣ ಬದಲಾಗುತ್ತದೆ. ಬೆಳಕು ಆರಿದರೂ ಅದು ಒಮ್ಮೆಲೇ ಮೊದಲಿನಂತಾಗುವುದಿಲ್ಲ. ಆ ಉಳಿಕೆಯೇ ಅದರ ನೆನಪು. ಬೆಳಕಿನ ಮಿಡಿತಗಳು ಕೆಲವೇ ಆದರೆ ನೆನಪು ಬೇಗ ಅಳಿಯುತ್ತದೆ. ಮೇಲಿಂದ ಮೇಲೆ ಬಿದ್ದರೆ ಬಹಳ ಹೊತ್ತು ನಿಲ್ಲುತ್ತದೆ. ಬೆರೆಸುವ ಮ್ಯಾಗ್ನೀಸಿಯಂನ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿ, ಸಂಕೇತವನ್ನು ಹುರಿದುಂಬಿಸುವ ಗುಣವನ್ನೂ ತಡೆಯುವ ಗುಣವನ್ನೂ ಅದೇ ವಸ್ತುವಿನಲ್ಲಿ ಪಡೆಯಬಹುದು. 'ನೋಡಿ ನೋಡಿ ಗೊತ್ತಾಗ್ತೈತಿ' ಎಂದ ಅವ್ವನ ಮಾತು ನನಗೆ ಆಗ ನೆನಪಾಯಿತು.

ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಕಳೆದ ವರುಷ ಅವ್ವ ಹೋಗುವ ಗೋದಾಮಿಗೆ ಬಣ್ಣ ಗುರುತಿಸುವ ಯಂತ್ರ ಬಂದಿತು. ಮಣೂಕ ಜಾರಿ ಬೀಳುವಾಗ ಕ್ಯಾಮೆರಾ ಅದನ್ನು ನೋಡುತ್ತದೆ. ಬೇಡವಾದುದನ್ನು ಗಾಳಿ ಊದಿ ಅತ್ತ ಹಾರಿಸುತ್ತದೆ. ಇಪ್ಪತ್ತು ಮಂದಿ ಕುಳಿತಿದ್ದ ಸಾಲಿನಲ್ಲಿ ಈಗ ಎಂಟು ಮಂದಿ. ಅವ್ವನನ್ನು ವಾರಕ್ಕೆ ಮೂರು ದಿನ ಕರೆಯುತ್ತಾರೆ, ಯಂತ್ರ ತಪ್ಪಿದುದನ್ನು ತಿದ್ದಲು. ಯಂತ್ರವನ್ನು ಹದಗೊಳಿಸಲು ಬಂದಾತ ಮಾದರಿಗೆಂದು ಕೇಳಿ ಪಡೆದುದು ಅವ್ವ ಆರಿಸಿಟ್ಟ ರಾಶಿಯನ್ನೇ.

ಒಂದು ರಾತ್ರಿ ಊಟವಾದ ಮೇಲೆ ನಾನು ಉತ್ಸಾಹದಿಂದ ಈ ಹೊಸ ವಸ್ತುವಿನ ವಿಷಯವನ್ನೆಲ್ಲ ಅವ್ವನಿಗೆ ಹೇಳಿದೆ. ನಾಳಿನ ಯಂತ್ರಗಳು ಕಡಿಮೆ ವಿದ್ಯುತ್ತಿನಲ್ಲಿ ತಾವೇ ನೋಡಿ, ತಾವೇ ಕಲಿತು, ನೆನಪಿಡಬಹುದೆಂದೆ. ಆಕೆ ಸುಮ್ಮನೆ ಕೇಳಿದಳು. ಆಮೇಲೆ, "ನೆನಪ ಇಡತೈತಿ ಅಂತೀ. ಯಾರ ಕೈಯಿಂದ ಕಲೀತು ಅನ್ನೂದನ್ನೂ ನೆನಪ ಇಡತೈತೇನು?" ಎಂದಳು.

ನನ್ನ ಉತ್ಸಾಹ ಅಲ್ಲಿಯೇ ಇಳಿಯಿತು. ಆ ಸಂಶೋಧನೆಯ ಮೇಲಿನ ಗೌರವ ಮಾತ್ರ ಇಳಿಯಲಿಲ್ಲ, ಇಂದಿಗೂ ಇದೆ. ಹದಿನೈದು ವರುಷ ಬೆನ್ನು ಬಾಗಿಸಿ ಕುಳಿತವಳಿಗೆ ಯಂತ್ರ ಬಿಡುವು ಕೊಟ್ಟರೆ ಅದು ಒಳ್ಳೆಯದೇ. ಆದರೆ ಬಿಡುವಿನೊಡನೆ ಕೂಲಿಯೂ ಹೋಗಬಾರದಲ್ಲ! ಈ ಪ್ರಶ್ನೆಯನ್ನು ಪ್ರಯೋಗಶಾಲೆಯ ಮೇಲೆ ಹೊರಿಸುವುದು ತಪ್ಪು. ಕೂಲಿ, ಕಾನೂನು, ಊರಿನ ಬಾಳು ಇವನ್ನು ಓದುವವರು ಕಲಾ ವಿಭಾಗದ ನಾವು. ಮೂರು ವರುಷ ಓದಿದರೂ ಅವ್ವನಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಪರೀಕ್ಷೆ ಸಮೀಪಿಸಿದೆ. ಬೆಳಗಿನ ಬಸ್ಸು ವಿಜಯಪುರವನ್ನು ಸೇರುವಾಗ ಗೋಳಗುಮ್ಮಟ ಕಾಣಿಸುತ್ತದೆ. ಅಲ್ಲಿ ಒಮ್ಮೆ ಆಡಿದ ಮಾತು ಹಲವು ಸಲ ಮರುದನಿಗೊಟ್ಟು ಅಡಗಿಹೋಗುತ್ತದೆ. ಅವ್ವನ ಪ್ರಶ್ನೆ ಹಾಗೆ ಅಡಗದಿರಲೆಂದೇ ಇದನ್ನು ಬರೆದಿಟ್ಟಿದ್ದೇನೆ.