ಓದಲು ಬಾರದವನ ಗಲಾಟೆ

ಎಂಟನೆಯ ತರಗತಿಗೆ ಜೂನ್‌ನಲ್ಲಿ ಹೊಸದಾಗಿ ಬಂದವರಲ್ಲಿ ಗಲಾಟೆ ಮಾಡುವವರು ಯಾರೆಂದು ತಿಳಿಯಲು ಪಾಠದ ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿದರೆ ಸಾಕು. ಸರದಿ ಹತ್ತಿರ ಬರುತ್ತಿದ್ದಂತೆ ಒಬ್ಬ ಪಕ್ಕದವನನ್ನು ಚಿವುಟುತ್ತಾನೆ. ಇನ್ನೊಬ್ಬ ‘ಸರ್, ಒಂದಕ್ಕ ಹೋಗಿ ಬರ್ತೇನ್ರಿ’ ಎಂದು ಎದ್ದು ನಿಲ್ಲುತ್ತಾನೆ. ಮತ್ತೊಬ್ಬ ಪುಸ್ತಕ ಚೀಲದಲ್ಲೇ ಇದ್ದರೂ ತಂದಿಲ್ಲವೆಂದು ಹೇಳಿ ಬೈಸಿಕೊಳ್ಳುತ್ತಾನೆ. ಉಡಾಳ ಎನ್ನಿಸಿಕೊಂಡರೆ ಗೆಳೆಯರ ನಡುವೆ ಮಾನ ಉಳಿಯುತ್ತದೆ, ಓದಲು ಬಾರದವ ಎನ್ನಿಸಿಕೊಂಡರೆ ಹೋಗುತ್ತದೆ. ಹದಿಮೂರರ ಹುಡುಗ ಉಡಾಳನಾಗುವುದನ್ನೇ ಆರಿಸಿಕೊಳ್ಳುತ್ತಾನೆ. ಶಿಸ್ತು ಬೇರೆ, ಕಲಿಕೆ ಬೇರೆ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಸುತ್ತಲಿನ ಹಳ್ಳಿಗಳ ಮಕ್ಕಳು ಓದಲು ನಾನು ಪಾಠ ಹೇಳುವ ಹಂಸಭಾವಿಗೆ ಬರುವುದು ಹಳೆಯ ರೂಢಿ. ಇಲ್ಲಿನ ಮೃತ್ಯುಂಜಯ ವಿದ್ಯಾಪೀಠ ಊರಿಗೆ ಓದಿನ ಊರೆಂಬ ಹೆಸರು ತಂದುಕೊಟ್ಟಿದೆ. ಆದರೆ ಸರ್ಕಾರಿ ಶಾಲೆಗೆ ಬರುವ ಹುಡುಗ ಮನೆಯಲ್ಲಿ ಕೆಲಸದ ಆಳೂ ಹೌದು. ಗೋವಿನಜೋಳ ಮುರಿಯುವಾಗ, ಹತ್ತಿ ಬಿಡಿಸುವಾಗ ಬೆಂಚುಗಳು ಖಾಲಿಯಾಗುತ್ತವೆ. ಅವನು ತಿರುಗಿ ಬರುವಷ್ಟರಲ್ಲಿ ಬೀಜಗಣಿತ ಎರಡು ಅಧ್ಯಾಯ ದಾಟಿರುತ್ತದೆ. ಕರಿಹಲಗೆಯ ಮೇಲಿನದು ಒಂದೂ ತಿಳಿಯದೆ ನಲವತ್ತು ನಿಮಿಷ ಸುಮ್ಮನೆ ಕೂರುವುದು ದೊಡ್ಡವರಿಂದಲೂ ಆಗದ ಕೆಲಸ.

ಮನೆಗೆ ಹೋಗಿ ವಿಚಾರಿಸಿದರೆ ತಾಯಂದಿರು ಚಹಾ ಕೊಟ್ಟು, ‘ನಾಕು ಬಾರಿಸ್ರಿ ಸರ್, ನಾವೇನ್ ಕೇಳಾಕ ಬರಂಗಿಲ್ಲ’ ಎನ್ನುತ್ತಾರೆ. ಮಗ ತಮ್ಮಂತೆ ಕೂಲಿಗೆ ಹೋಗಬಾರದೆಂಬ ಕಳಕಳಿ ಅದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕೊಡಕೂಡದೆನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಕೋಲು ಹಿಡಿಯುತ್ತಿರಲಿಲ್ಲ. ಒತ್ತಕ್ಷರ ಗುರುತಿಸಲಾಗದವನು ಪೆಟ್ಟು ತಿಂದ ಮೇಲೂ ಗುರುತಿಸಲಾರ. ಶಾಲೆ ತಪ್ಪಿಸಲು ಅವನಿಗೆ ಇನ್ನೊಂದು ಕಾರಣ ಸಿಕ್ಕಂತಾಗುತ್ತದೆ, ಅಷ್ಟೆ.

ಪೆಟ್ಟಲ್ಲದ ದಾರಿಯೂ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ, ಮಗು ಯಾವ ತರಗತಿಯಲ್ಲಿದೆ ಎಂದು ಕೇಳದೆ ಕಲಿಕೆಯ ಯಾವ ಮೆಟ್ಟಿಲಲ್ಲಿದೆ ಎಂದು ಕೇಳಿತು. ಸರ್ಕಾರಿ ಶಾಲೆಗಳಿಗೆ ಬಂದ ಒಳ್ಳೆಯ ವಿಚಾರಗಳಲ್ಲಿ ಅದು ದೊಡ್ಡದು. ಆದರೆ ಕೆಳಗಿನ ತರಗತಿಗಳಲ್ಲೇ ನಲಿ-ಕಲಿ ಮುಗಿಯುತ್ತದೆ. ಮೆಟ್ಟಿಲು ಹತ್ತದೆ ಉಳಿದವನೂ ನಾಲ್ಕಕ್ಕೆ, ಐದಕ್ಕೆ, ಎಂಟಕ್ಕೆ ಬಂದು ನಿಲ್ಲುತ್ತಾನೆ.

ಅವನ ಕೈಗೆ ಒಂದನೆಯ ತರಗತಿಯ ಪುಸ್ತಕ ಕೊಡುವಂತಿಲ್ಲ. ಮೀಸೆ ಚಿಗುರುತ್ತಿರುವ ಹುಡುಗ ‘ಅರಸ, ಆಟ’ ಓದಲು ನಾಚುತ್ತಾನೆ. ಅದಕ್ಕೆ ನಾನು ಸರ್ವಜ್ಞನ ತ್ರಿಪದಿಗಳನ್ನು ಹಿಡಿದೆ. ಅವನ ಹೆಸರಿನೊಂದಿಗೆ ಜನ ಸೇರಿಸಿ ಹೇಳುವ ಮಾಸೂರು, ಅಬಲೂರು ನಮ್ಮ ಹಿರೇಕೆರೂರು ಸೀಮೆಯವೇ. ತ್ರಿಪದಿ ಎಂದರೆ ಮೂರೇ ಸಾಲು. ಕೆಲವಂತೂ ಅಜ್ಜಿಯ ಬಾಯಲ್ಲಿ ಕೇಳಿದ್ದು, ಕಿವಿಗೆ ಮೊದಲೇ ಗೊತ್ತು. ಗೊತ್ತಿರುವ ದನಿಗೆ ಅಕ್ಷರ ಹೊಂದಿಸಿಕೊಳ್ಳುವುದಷ್ಟೇ ಉಳಿಯುತ್ತದೆ, ವಿಷಯವೂ ದೊಡ್ಡವರದು. ದಿನಕ್ಕೊಂದು ಓದಿಸುತ್ತಾ ಹೋದಂತೆ ಚಿವುಟುವ ಕೈ ಸಾಲಿನ ಮೇಲೆ ಬೆರಳಿಟ್ಟು ಸಾಗಲು ಕಲಿಯುತ್ತದೆ. ದಸರಾ ರಜೆಯ ಹೊತ್ತಿಗೆ ಅವನೇ ‘ಸರ್, ನಾ ಓದ್ಲೇನ್ರಿ?’ ಎಂದು ಕೇಳುತ್ತಾನೆ. ಎಲ್ಲರೂ ಕೇಳುವುದಿಲ್ಲ. ಕೇಳಿದವನನ್ನು ಸುಮ್ಮನಿರಿಸಲು ಮಾತ್ರ ಮತ್ತೆ ಗದರಬೇಕಾಗಿ ಬರುವುದಿಲ್ಲ.

ಎಂಟರಲ್ಲಿ ಓದು ಹಿಡಿಯದಿದ್ದರೆ ಅದು ಹತ್ತರಲ್ಲಿ ಬಯಲಾಗುತ್ತದೆ. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದವು. ಕೃಪಾಂಕ ಹೆಚ್ಚಿಸಿದರೂ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಆಗಿನಿಂದ ವಿಶೇಷ ತರಗತಿ, ಸರಣಿ ಪರೀಕ್ಷೆಗಳ ಮಾತೇ ಎಲ್ಲೆಡೆ. ನಕಲು ನಿಂತದ್ದು ಒಳ್ಳೆಯದೇ ಆಯಿತು. ಆದರೆ ಹತ್ತನೆಯ ತರಗತಿಯ ಜನವರಿಯಲ್ಲಿ ಓದು ಕಲಿಸಲಾಗದು. ಅತಿಥಿ ಶಿಕ್ಷಕರು ವರ್ಷಕ್ಕೊಬ್ಬರಂತೆ ಬದಲಾಗುವ ಶಾಲೆಯಲ್ಲಂತೂ ಯಾವ ಹುಡುಗ ಎಲ್ಲಿ ತೊಡರಿದ್ದಾನೆಂದು ಹೇಳುವವರೇ ಇರುವುದಿಲ್ಲ.

ಹಾಗಾಗಿ ಶಿಕ್ಷಣ ಇಲಾಖೆಯನ್ನು ನಾನು ಕೇಳುವುದು ಇಷ್ಟೇ. ಎಂಟನೆಯ ತರಗತಿಗೆ ಜೂನ್, ಜುಲೈ ಪೂರ್ತಿ, ದಿನದ ಮೊದಲ ಪಿರಿಯಡ್ಡನ್ನು ಓದಿಗೆ ಬಿಟ್ಟುಕೊಡಿ. ಪಾಠ ಹಿಂದೆ ಬಿದ್ದರೆ ಬೀಳಲಿ. ಶಾಲೆ ನೋಡಲು ಬರುವ ಅಧಿಕಾರಿಗಳು ಎಷ್ಟು ಅಧ್ಯಾಯ ಮುಗಿದವೆಂದು ಕೇಳುವ ಮೊದಲು ಕೊನೆಯ ಸಾಲಿನ ಮಗುವಿನ ಪಕ್ಕ ಕೂತು ಒಂದು ಪುಟ ಓದಿಸಿ ನೋಡಲಿ.